ನೂರಕ್ಕೆ ಎಪ್ಪತ್ತು

ಶೆಪ್ಪರ್ಟನ್ನಿನ ಕಚೇರಿಯಲ್ಲಿ ಹೀಟರು ಉರಿಯುತ್ತಿತ್ತು.
ಸ್ವೆಟರು ತೆಗೆದು ತೊಡೆಯ ಮೇಲಿಟ್ಟುಕೊಂಡೆ,
ಅದರ ಮೇಲೆ ಫೈಲು, ಫೈಲಿನ ಮೇಲೆ ಎರಡೂ ಕೈ.

ಇಲ್ಲಿ ನೀನು ನೀನೇ ಅನ್ನಲು ನೂರು ಅಂಕ ಬೇಕು.
ಪಾಸ್‌ಪೋರ್ಟಿಗೆ ಎಪ್ಪತ್ತು,
ಲೈಸೆನ್ಸಿಗೆ ನಲವತ್ತು, ಇದ್ದರೆ.
ಬ್ಯಾಂಕಿನ ಕಾಗದಕ್ಕೆ ಇಪ್ಪತ್ತೈದು, ಕರೆಂಟು ಬಿಲ್ಲಿಗೆ ಇಪ್ಪತ್ತೈದು.
ಮೂವತ್ತೈದಕ್ಕೆ ಪಾಸು ಮಾಡುವ ನಾಡಿನವಳು ನಾನು,
ಗಣಿತದಲ್ಲಿ ಮೂವತ್ತಾರು ತೆಗೆದು
ಓಣಿಗೆಲ್ಲ ಪೇಡೆ ಹಂಚಿಸಿದವಳು.
ಎಪ್ಪತ್ತು ತೆಗೆದು ನಪಾಸಾದದ್ದು ಇದೇ ಮೊದಲು.

ಬ್ಯಾಂಕಿನವರು ವಿಳಾಸ ಎಲ್ಲಿ ಅನ್ನುತ್ತಾರೆ.
ಬಾಡಿಗೆಯವರು ಬ್ಯಾಂಕು ಯಾವುದು ಅನ್ನುತ್ತಾರೆ.
ಹುಚ್ಚು ಬಿಡುವ ತನಕ ಮದುವೆಯಾಗದು,
ಮದುವೆಯಾಗುವ ತನಕ ಹುಚ್ಚು ಬಿಡದು.
ಕೌಂಟರಿನ ಬೆವರ್ಲಿಗೆ ಇದನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿದೆ.
ಅವಳು ಮರುಕದಿಂದ ತಲೆಯಾಡಿಸಿ
ಫಾರಮ್ಮಿನಲ್ಲಿ ನನ್ನ ಮದುವೆಯ ಕಲಂ ಹುಡುಕಿದಳು.

ಮತ್ತೆ ಕುರ್ಚಿ. ಮತ್ತೆ ಟೋಕನ್ನು.
ಪಕ್ಕದಲ್ಲಿ ನೌರೋಜ್ ಅಲಿ. ಅಫ್ಘಾನಿ,
ತೋಟದಲ್ಲಿ ಪೇರ್ ಹಣ್ಣು ಬಿಡಿಸುತ್ತಾನೆ
(ಪೇರ್ ಬೇರೆ, ನಮ್ಮ ಪೇರಲ ಬೇರೆ; ನನಗೆ ತಿಳಿಯಲು ತಿಂಗಳಾಯಿತು).
ಅವನು ಹುಟ್ಟಿದ್ದು ಜನವರಿ ಒಂದು.
ಹೆಂಡತಿ ಜನವರಿ ಒಂದು. ತಮ್ಮನೂ ಜನವರಿ ಒಂದು.
ಕ್ಯಾಂಪಿನಲ್ಲಿ ಬರೆದುಕೊಂಡವನಿಗೆ ಅವಸರವಿತ್ತಂತೆ.

ನನ್ನದು ಜೂನ್ ಒಂದು, ಅಂದೆ.
ಅವ್ವನ ಲೆಕ್ಕದಲ್ಲಿ ನಾನು ಹುಟ್ಟಿದ್ದು
ಜೋಳದ ರಾಶಿ ಮುಗಿದ ಮೂರನೆಯ ದಿನ.
ಅದಕ್ಕೆ ಯಾವ ಫಾರಮ್ಮಿನಲ್ಲೂ ಚೌಕವಿಲ್ಲ.
ಹೆಡ್ ಮೇಷ್ಟ್ರು ಬಾಗಿಲಲ್ಲಿ ನಿಲ್ಲಿಸಿ
ತಲೆಯ ಮೇಲಿಂದ ಕೈ ಹಾಕಿ ಕಿವಿ ಮುಟ್ಟು ಎಂದರು.
ಮುಟ್ಟಿತು. ಬರೆದರು.

ಹೇಗೆ, ಎಂದ.
ಹೀಗೆ, ಎಂದು ಬಲಗೈ ಎತ್ತಿ ಎಡಗಿವಿ ಹಿಡಿದು ತೋರಿಸಿದೆ.
ಅವನೂ ಹಿಡಿದ.
ಹಣ್ಣಿನ ಮೇಣ ಹತ್ತಿದ ಬೆರಳು ಕಿವಿಯ ಕೆಳಗೂ ಇಳಿಯಿತು.
ನಾವಿಬ್ಬರೂ ಹಾಗೇ ಕೂತಿದ್ದೆವು ಸ್ವಲ್ಪ ಹೊತ್ತು,
ಶಾಲೆಗೆ ಸೇರಲು ಅರ್ಹರಾಗಿ.

ಆಮೇಲೆ ಜೊತೆಯವಳು ಜಿನ್ಸಿ ಬ್ಯಾಂಕಿಗೆ ಬಂದಳು,
ಇವಳು ನನ್ನ ಮನೆಯಲ್ಲೇ ಇದ್ದಾಳೆ ಎಂದು ಸಹಿ ಹಾಕಿದಳು.
ಎಂಟನೆಯ ದಿನ, ಆ ಚಳಿಯಲ್ಲಿ ಚಡ್ಡಿ ಹಾಕಿಕೊಂಡ ಪೋಸ್ಟ್‌ಮ್ಯಾನು
ಮೂರು ಗಾಲಿಯ ಗಾಡಿ ನಿಲ್ಲಿಸದೆಯೇ
ಡಬ್ಬಿಗೆ ಒಂದು ಲಕೋಟೆ ತೂರಿಸಿ ಹೋದ.

ಅಪ್ಪ ಮೂವತ್ತೊಂದು ವರ್ಷ ಮಾನ್ವಿಯಲ್ಲಿ ಅಂಚೆ ಹಂಚಿದ,
ಓದಲು ಬಾರದವರ ಕಾಗದ ಕಟ್ಟೆಯ ಮೇಲೆ ಕೂತು ಓದಿಯೂ ಹೇಳಿದ.
ಅವನ ಹೆಸರಿಗೇ ಬಂದ ಕಾಗದ ಒಂದೆರಡು,
ಅದರಲ್ಲಿ ಒಂದು ಸಸ್ಪೆನ್ಷನ್ನಿನದು.
ಈಗ ಲಕೋಟೆಯ ಪ್ಲಾಸ್ಟಿಕ್ ಕಿಟಕಿಯಲ್ಲಿ
ಹುಲಿಗೆಮ್ಮ, ಬೆನ್ನಿಗೇ ಮುದುಕಪ್ಪ,
ಕೆಳಗೆ ಈ ಬೀದಿ, ಮೂರು ಆರು ಮೂರು ಸೊನ್ನೆ.
ದವಾಖಾನೆಯಲ್ಲೂ ನನ್ನನ್ನು ಮುದುಕಪ್ಪ ಎಂದೇ ಕೂಗುತ್ತಾರೆ,
ಎದ್ದು ನಿಲ್ಲುವಾಗ ಸತ್ತವನ ಪರವಾಗಿ ಹಾಜರಿ ಹೇಳಿದಂತೆ.

ಎಪ್ಪತ್ತು, ಇಪ್ಪತ್ತೈದು.
ತೊಂಬತ್ತೈದು.

ಬೆವರ್ಲಿ ಕ್ಯಾಲ್ಕುಲೇಟರು ನನ್ನ ಕಡೆ ತಿರುಗಿಸಿ ತೋರಿಸಿದಳು.
ಐದು ಗ್ರೇಸ್ ಮಾರ್ಕು ಇಲ್ಲವೇ ಎಂದು ಕೇಳಲಿಲ್ಲ.
ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು
ಕರೆಂಟಿನವರಿಗೆ ಫೋನು ಹಚ್ಚಿದೆ,
ಜಿನ್ಸಿಯ ಬಿಲ್ಲಿನಲ್ಲಿ ನನ್ನದೂ ಒಂದು ಹೆಸರು ಸೇರಿಸಿ.
ಇಪ್ಪತ್ತು ನಿಮಿಷ ವಾದ್ಯ ಕೇಳಿಸಿ, ಆಮೇಲೆ
ಅಕ್ಷರ ಬಿಡಿಸಿ ಹೇಳಿ ಎಂದರು.

ಎಮ್ ಫಾರ್ ಮ್ಯಾಂಗೋ. ಯು ಫಾರ್ ಅಂಬ್ರೆಲಾ.
ಡಿ, ಡಾಗ್. ಮತ್ತೆ ಅದೇ ಅಂಬ್ರೆಲಾ.
ಕೆ. ಎ.
ಪಿ ಫಾರ್ ಪೋಸ್ಟ್‌ಮ್ಯಾನ್.
ಹೌದು, ಎರಡು ಸಲ.