ಗುಂಡಿ

ಪೀಠಬಾಲಕರ ಕೆಂಪು ನಿಲುವಂಗಿ ಹದಿನಾಲ್ಕು.
ಶುಕ್ರವಾರ ಒಗೆತ, ಶನಿವಾರ ಇಸ್ತ್ರಿ,
ಖಡಕಿಯ ಕಾರ್ಖಾನೆ ಭೋಂಗಾ ಕೂಗುವ ಮೊದಲು
ಸಕ್ರಿಸ್ತಿಯ ಬೀರುವಿನಲ್ಲಿ ಸಾಲಾಗಿ ತೂಗಬೇಕು.
ಇಪ್ಪತ್ತಾರು ವರ್ಷ.
ಸಂಬಳಕ್ಕಲ್ಲ, ಹರಕೆ.
ಮದ್ದಿನ ಮನೆ ಸಿಡಿದ ದಿನ
ಗಂಡ ಚಹಾ ಕುಡಿಯಲು ಹೊರಗೆ ಬಂದಿದ್ದಕ್ಕೆ.

ಒಂದೊಂದಕ್ಕೂ ಏಳು ಗುಂಡಿ.
ಒಂಬತ್ತನೇ ನಂಬರಿನದು
ಆ ಮಳೆಗಾಲ ಮೂರು ಸಲ ಬಂತು,
ಮೇಲಿನೆರಡು ಕಿತ್ತು,
ಕಿತ್ತಲ್ಲಿ ಬಟ್ಟೆಯ ಚೂರೂ ಹೋಗಿ.
ಆಟದಲ್ಲಿ ಹರಿದರೆ ಹೀಗೆ ಹರಿಯುವುದಿಲ್ಲ.
ಎರಡು ಗಂಡು ಹೆತ್ತವಳು, ನನಗೆ ಗೊತ್ತು.
ಗೊತ್ತಿದ್ದೂ
ಬಿಸ್ಕತ್ತಿನ ಡಬ್ಬಿ ತೆಗೆದೆ, ಸೂಜಿಗೆ ದಾರ ಪೋಣಿಸಿದೆ,
ಗುಂಡಿ ಹೊಲಿದೆ.

ಮನೆಮಾತು ಕೊಂಕಣಿ.
ಬಂಟ್ವಾಳದ ಶಾಲೆಯ ಕನ್ನಡದಲ್ಲಿ
ಅಂಗಿಗೂ ಗುಂಡಿ, ನೆಲಕ್ಕೂ ಗುಂಡಿ.
ಒಂದನ್ನು ಹಾಕುತ್ತಾರೆ, ಇನ್ನೊಂದನ್ನು ಮುಚ್ಚುತ್ತಾರೆ.
ನಾನು ಒಂದೇ ಸೂಜಿಯಲ್ಲಿ ಎರಡನ್ನೂ ಮಾಡಿದೆ.

ಫಾದರಿಗೆ ಎಲ್ಲಿಗೋ ವರ್ಗವಾಯಿತು.
ಹಾರ, ಶಾಲು, ಬೆಳ್ಳಿಯ ಪೆನ್ನು,
ನನ್ನ ಕೈಯ ಸನ್ನ, ಹಂದಿಮಾಂಸ.
ಬಾವಿಕಟ್ಟೆಯಲ್ಲಿ ಅವರ ಹೆಸರಿನ ಕಲ್ಲು.

ಹೋದ ತಪಸ್ಸುಕಾಲದಲ್ಲಿ, ಪೂಜೆ ಮುಗಿದು
ಹಾಲಿನಲ್ಲಿ ಕುರ್ಚಿ ಹಾಕಿ ಕೂತಿದ್ದೆವು, ಪೇಂಟಿಂಗಿನ ಲೆಕ್ಕಕ್ಕೆ.
ಒಂಬತ್ತನೇ ನಂಬರು ಎದ್ದು ನಿಂತ.
ಮೆಲ್ರಾಯ್. ಮೂವತ್ತಮೂರಕ್ಕೇ ನೆತ್ತಿ ಬೋಳು.
ಕೈಯಲ್ಲಿ ಕಾಗದವಿತ್ತು, ಓದಲಿಲ್ಲ.
ನಾಲ್ಕೇ ವಾಕ್ಯ.
ಆ ಫ್ಯಾನಿಗೆ ಅಷ್ಟು ಸದ್ದಿದೆಯೆಂದು
ಅವತ್ತೇ ನನಗೆ ತಿಳಿದದ್ದು.

ಮನೆಯ ಮಾತು ಬೀದಿಗೆ ಬೇಡ, ಎಂದರು ರುಜಾರ್ ಮಾಮ್,
ಇರುವುದೇ ಹಿಡಿಯಷ್ಟು ಜನ, ಕಾಲವೂ ಸರಿಯಿಲ್ಲ.
ಮುದುಕನಾಗಿದ್ದಾರೆ ಬಿಡಿ, ಎಂದರು ಯಾರೋ.
ಪ್ರಾರ್ಥನೆ ಮಾಡೋಣ, ಎಂದರು ಇನ್ಯಾರೋ.
ಸುಮನ್ ಪಗಾರೆ ಕೂತಲ್ಲಿಂದಲೇ ಅಂದಳು:
ಪ್ರಾರ್ಥನೆ ಆ ಹುಡುಗನೂ ಮಾಡಿರುತ್ತಾನೆ.
ಆರೋಕ್ಯಮೇರಿ ಏನೂ ಅನ್ನಲಿಲ್ಲ,
ತನ್ನ ಕುರ್ಚಿಯನ್ನು ದರದರ ಎಳೆದುಕೊಂಡು ಹೋಗಿ
ಅವನ ಪಕ್ಕ ಹಾಕಿ ಕೂತಳು.
ಆ ದಿನ ಆದದ್ದು ಅಷ್ಟೇ.

ಕುರ್ಚಿ ಮಡಿಸುತ್ತಿದ್ದೆ. ಹತ್ತಿರ ಬಂದ.
"ಜುಲಿಯಾನಬಾಯಿ, ನೀವು ನೀಲಿ ದಾರದಲ್ಲಿ ಹೊಲಿದಿದ್ದಿರಿ."
ಕೆಂಪು ಮುಗಿದಿತ್ತು, ಎಂದೆ.
ನಿಜವೇ, ಮುಗಿದಿತ್ತು.
"ಬಾಗಿಲ ಹಿಂದೆ ನಿಂತು ಆ ನೀಲಿಯನ್ನೇ ನೋಡುತ್ತಿದ್ದೆ.
ಯಾರಿಗೋ ಗೊತ್ತಾಗಿದೆ,
ಇನ್ನೇನು ಬರುತ್ತಾರೆ, ಅಂತ."

ಅರ್ಜಿಗೆ ಸಹಿ ನಲವತ್ತೊಂದು. ಮನೆಗಳು ಇನ್ನೂರ ಹತ್ತು.
ಈಗಿನ ಫಾದರು ಎಳೆಯರು,
ಎರಡು ಸಲ ಪೆನ್ನು ಕೆಳಗಿಟ್ಟರು, ಮೂರನೆಯ ಸಲ ಹಾಕಿದರು.
ಬಡಗಿ ಬಂದು ಸಕ್ರಿಸ್ತಿಯ ಬಾಗಿಲು ಕೊರೆದು
ಎದೆಯೆತ್ತರಕ್ಕೆ ಗಾಜು ಕೂರಿಸಿ ಹೋದ.
ಮಗುವಿನ ಎದೆಯೋ ದೊಡ್ಡವರದೋ ಎಂದು ಅಳತೆಗೆ ಮುಂಚೆ ಕೇಳಿದ;
ಉತ್ತರ ಹೇಳಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು.
ಬಾವಿಯ ಕಲ್ಲಿನ ಜಗಳ ಇನ್ನೂ ಮುಗಿದಿಲ್ಲ.
ರುಜಾರ್ ಮಾಮ್ ಈಗ ರಿಕ್ಷಾಕ್ಕೆ ಎಂಬತ್ತು ರೂಪಾಯಿ ತೆತ್ತು
ಬೇರೆ ಇಗರ್ಜಿಗೆ ಹೋಗುತ್ತಾರೆ.
ಬಿಷಪರಿಂದ ಬಂದ ಕಾಗದದಲ್ಲಿ
"ನೋವು" ಎಂಬ ಪದ ಐದು ಸಲ ಇದೆ,
ಹೆಸರು ಒಂದು ಸಲವೂ ಇಲ್ಲ.

ಅದಕ್ಕೇ ಇವತ್ತು ಠಾಣೆ.
ಮೆಲ್ರಾಯ್, ಆರೋಕ್ಯಮೇರಿ, ನಾನು, ಒಂದು ಬೆಂಚು.
ಮಡಿಲಲ್ಲಿ ಬಿಸ್ಕತ್ತಿನ ಡಬ್ಬಿ, ಯಾಕೆ ತಂದೆನೋ.
ಬರೆದುಕೊಳ್ಳುವ ಹುಡುಗಿಗೆ ನನ್ನ ಮೊಮ್ಮಗಳ ವಯಸ್ಸು.
ಮರಾಠಿಯಲ್ಲಿ ಕೇಳಿದಳು:
ಆಜಿ, ನೀವು ಕಣ್ಣಾರೆ ಕಂಡದ್ದೇನು?

ಆರು ಗುಂಡಿ, ಎಂದೆ.
ಎರಡೆರಡರಂತೆ ಮೂರು ಸಲ.
ಬರೆ ಮಗಳೇ, ನಿಧಾನವಾಗಿ ಹೇಳುತ್ತೇನೆ.
ದಾರ ನೀಲಿ
ಎಂದೂ ಬರೆ.