ಹನ್ನೊಂದನೆಯ ಚೌಕ

ಕಪ್ಪು ಶಾಯಿಯಲ್ಲೇ ಬರೆಯಬೇಕಂತೆ, ಚಿತ್ತುಕಾಟು ಕೂಡದಂತೆ.
ಶವಸಂಸ್ಕಾರದ ಕ್ರೆನ್‌ಷಾ ಸಾಹೇಬರು ಫಾರಂ ನನ್ನತ್ತ ತಳ್ಳಿ
ಕನ್ನಡಕ ಒರೆಸುತ್ತ ಕೂತರು.

ಹೆಸರು: ಓಡೆಲ್ ಪೆಟಿಫರ್ಡ್.
ಹುಟ್ಟಿದ ದಿನ: ಗೊತ್ತಿಲ್ಲ. ಡ್ಯಾನ್ ನದಿಯ ಈಚೆ ದಡದಲ್ಲಿ
ಹೊಗೆಸೊಪ್ಪಿನ ಸಸಿ ಕಿತ್ತು ನೆಡುವ ಹೊತ್ತು, ಅಷ್ಟೇ
ಅಜ್ಜಿಗೆ ನೆನಪಿದ್ದದ್ದು.
ಆಮೇಲೆ ಹನ್ನೊಂದನೆಯ ಚೌಕ:
ಬದುಕಿನ ಬಹುಪಾಲು ಮಾಡಿದ ಉದ್ಯೋಗ.
ಕೆಳಗೆ ಇರುವೆಯಂಥ ಅಕ್ಷರದಲ್ಲಿ,
ನಿವೃತ್ತ ಎಂದು ಬರೆಯಬೇಡಿ.

ಮೂವತ್ತೊಂದು ವರ್ಷ ಮಾವನ ತೆರಿಗೆ ಲೆಕ್ಕ ಬರೆದವಳು ನಾನು.
ಪ್ರತಿ ಏಪ್ರಿಲ್ಲಿಗೆ ಶೂ ಡಬ್ಬದ ತುಂಬ ಚೀಟಿ ಹೊತ್ತು ತರುತ್ತಿದ್ದ,
ಚೀಟಿಗಳ ನಡುವೆ ಒಂದೆರಡು ತುಂಡಾದ ತಂತಿ.
'ಇದೂ ಖರ್ಚೇ ತಾನೆ, ಆರ್ನೆಟ್ಟಾ?'

ನನಗಿಂತ ಮುಂಚಿನದು ಬರೀ ಕೇಳಿದ್ದು.
ಹೊಗೆಸೊಪ್ಪಿನ ಹರಾಜುಕಟ್ಟೆಯ ಬಾಗಿಲಲ್ಲಿ ಹತ್ತು ವರ್ಷದ ಹುಡುಗ,
ಹೊರಬರುವ ರೈತನ ಮುಖ ನೋಡಿ ಹಾಡು ಆರಿಸುತ್ತಿದ್ದನಂತೆ.
ಬೆಲೆ ಬಂದಿದ್ದರೆ ಕುಣಿತದ್ದು,
ಬಿದ್ದಿದ್ದರೆ ಬ್ಲೂಸ್.
ಬಿದ್ದವನೇ ಹೆಚ್ಚು ಕೊಡುತ್ತಿದ್ದ, ಎನ್ನುತ್ತಿದ್ದ.

ಮದ್ದು ಮಾರುವವನ ಲಾರಿಯಲ್ಲಿ ಎರಡು ಬೇಸಿಗೆ.
ಆ ಟಾನಿಕ್ಕನ್ನು ತಾನೂ ಕುಡಿದು ಮೂರು ದಿನ ಏಳಲಿಲ್ಲ.
ರೇಡಿಯೊದಲ್ಲಿ ಬೆಳಗಿನ ಐದೂಕಾಲಕ್ಕೆ ಮೈದಾ ಕಂಪನಿಯ ಪರವಾಗಿ,
ಹೆಸರು ಹೇಳುವಂತಿಲ್ಲ, ಬರೀ 'ಹಿಟ್ಟಿನ ಹುಡುಗ'.
ಒಂದೇ ಒಂದು ರೆಕಾರ್ಡು ಬಂತು, ಅದರ ಮೇಲೆ
ಓಡಿಸ್ ಪೆಟಿಗ್ರೂ ಎಂದು ಅಚ್ಚಾಗಿತ್ತು.
ದುಡ್ಡು ಆ ಓಡಿಸನನ್ನು ಇನ್ನೂ ಹುಡುಕುತ್ತಿರಬೇಕು.

ಮುಂದಿನದೆಲ್ಲ ನನ್ನ ಕೈಬರಹ.
ಇಟ್ಟಿಗೆ ಗೂಡು. ಕ್ಷೌರದಂಗಡಿ.
ಜವಳಿ ಗಿರಣಿಯಲ್ಲಿ ರಾತ್ರಿಪಾಳಿಯ ಕಸಬರಿಕೆ
(ಮಗ್ಗಗಳ ಸದ್ದಿನಲ್ಲಿ ಹೆಬ್ಬೆರಳಿಗೆ ಹೊಸ ನಡೆ ಸಿಕ್ಕಿತಂತೆ).
ಬಿಳಿಯರ ಚರ್ಚಿನ ಪಿಯಾನೊಗೆ ಶ್ರುತಿ ಕೂಡಿಸಲು
ಹಿತ್ತಿಲ ಬಾಗಿಲಿಂದ ಹೋಗಿ, ಹಿತ್ತಿಲ ಬಾಗಿಲಿಂದಲೇ ಬಂದ.
ನಮ್ಮವ್ವನೂ ಕಮ್ಮಿಯಿಲ್ಲ. ಸೈತಾನನ ಪೆಟ್ಟಿಗೆ ಒಳಗೆ ಬೇಡ ಎಂದಳೆಂದು
ಗಿಟಾರನ್ನು ನಾಯಿಯ ಹಾಗೆ ಜಗಲಿಯಲ್ಲಿ ಬಿಟ್ಟು
ಊಟಕ್ಕೆ ಬರುತ್ತಿದ್ದ.

ಗಡ್ಡದ ಹುಡುಗರು ಟೇಪಿನ ಪೆಟ್ಟಿಗೆ ಹಿಡಿದು ಬಂದ ವರ್ಷ
ಮಾವ ಇಸ್ತ್ರಿ ಮಾಡಿದ ಸೂಟು ತೊಟ್ಟು ಕಾದಿದ್ದ.
ಅವರಿಗೋ, ಗದ್ದೆಯ ಬಟ್ಟೆಯಲ್ಲಿ ಫೋಟೊ ಬೇಕಿತ್ತು.
ಅವರೇ ಉಟ್ರೆಕ್ಟಿಗೂ ಕರೆದೊಯ್ದರು. ಅಲ್ಲಿ ಜನ
ಉಸಿರೂ ಬಿಡದೆ ಕೂತಿದ್ದರಂತೆ;
'ಯಾರು ಸತ್ತರೆಂದು ಕೇಳಬೇಕಾಯಿತು.'
ಖರ್ಚು ಕಳೆದು ಉಳಿದದ್ದು ಇನ್ನೂರ ಹನ್ನೆರಡು ಡಾಲರ್.
ಈ ಸಲ ಸಂಗೀತಗಾರ ಎಂದು ಬರೆಯಲೇ ಮಾವ, ಎಂದೆ.
ಬೇಡ ಮಗಳೇ,
ಬರೆದರೆ ಅದಕ್ಕೂ ತೆರಿಗೆ ಹಾಕುತ್ತಾರೆ.

ಹತ್ತೊಂಬತ್ತು ವರ್ಷ ಶಾಲೆಯ ಬಸ್ಸು, ನಲವತ್ತಾರನೇ ನಂಬರಿನದು.
ಅದರಲ್ಲಿ ನಾನೂ ಒಮ್ಮೆ ಕೂತಿದ್ದೆ.
ರೈಲು ಹಳಿ ದಾಟುವ ಮುನ್ನ
ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ಕಿವಿಗೊಡಬೇಕು.
ಅದು ಕಾನೂನು.
ಮಾವ ಕಾನೂನಿಗಿಂತ ತುಸು ಹೆಚ್ಚೇ ಕಿವಿಗೊಡುತ್ತಿದ್ದ.
ನಲವತ್ತು ಮಕ್ಕಳು, ಪಿಟ್ಟೆನ್ನದೆ.
ಪೊದೆಯಲ್ಲಿ ಜೀರುಂಡೆ, ಎಂಜಿನ್ನಿನ ಗುರುಗುರು,
ಸ್ಟೀರಿಂಗಿನ ಮೇಲೆ ಅವನ ಹೆಬ್ಬೆರಳು.
ರೈಲು ಬರಲಿಲ್ಲ. ಬಾಗಿಲು ಮುಚ್ಚಿದ.

ಕ್ರೆನ್‌ಷಾ ಸಾಹೇಬರು ಕೆಮ್ಮಿದರು.
ಹನ್ನೊಂದರಲ್ಲಿ ಬರೆದೆ: ಬಸ್ ಚಾಲಕ.
ಪಿಂಚಣಿ ಕೊಟ್ಟ ಕೆಲಸ, ಅವನೇ ಹೆಮ್ಮೆಯಿಂದ ಹೇಳಿಕೊಂಡದ್ದು.
ಹನ್ನೆರಡು ಕೇಳಿತು: ಯಾವ ಕಸುಬಿಗೆ ಸೇರಿದ್ದು?
ಬರೆದೆ: ಕಿವಿಗೊಡುವುದು.

ಎರಡು ವಾರಕ್ಕೆ ಫಾರಂ ವಾಪಸು ಬಂತು,
ಆ ಮಾತಿಗೊಂದು ಕೆಂಪು ಸುತ್ತು ಹಾಕಿ.
ಅಡುಗೆಮನೆಯ ಮೇಜಿನ ಮೇಲಿದೆ.
ಅದರ ಮೇಲೆ ಶೂ ಡಬ್ಬ ಇಟ್ಟಿದ್ದೇನೆ, ಹಾರಿಹೋಗದಿರಲಿ ಎಂದು.