ಪಟ್ಟಿಯಲ್ಲಿಲ್ಲದ್ದು

ಹಟ್ಟಿ ಕ್ಯಾಂಪಿನಲ್ಲಿ ಕ್ವಾರ್ಟರ್ಸ್ ಖಾಲಿ ಮಾಡುವವರ ಬಾಗಿಲಿಗೆ
ಮೊದಲು ಬರುವವನು ನಾನು.
ಕಂಕುಳಲ್ಲಿ ರಿಜಿಸ್ಟರು, ಕಿವಿಯ ಮೇಲೆ ಪೆನ್ನು.
ಫ್ಯಾನು ಎರಡು, ನಲ್ಲಿ ಮೂರು,
ಕಿಟಕಿಯ ಗಾಜು ಒಡೆದದ್ದು ಒಂದು,
ಟ್ಯೂಬ್‌ಲೈಟು ಇದೆ, ಹತ್ತುವುದಿಲ್ಲ.
ಗುರುತು ಹಾಕುವುದು, ಸಹಿ ಪಡೆಯುವುದು,
ಕೀಲಿ ಕೈಗೆ ಬಂದರೆ ಮುಗಿಯಿತು.

ಆದಮ್ಮನ ಮನೆಯಲ್ಲಿ ಮುಗಿಯಲಿಲ್ಲ.

ಅಂಗಳದ ತುಂಬ ನೂರಾ ಹನ್ನೊಂದು ಕುಂಡ.
ಕುಂಡವೆಂಬುದು ಹೆಸರಿಗೆ:
ಬಣ್ಣದ ಡಬ್ಬಿ, ಸೀಳಿದ ಎಣ್ಣೆ ಕ್ಯಾನು,
ಕಿವಿ ಹೋದ ಕುಕ್ಕರು, ಜೊತೆ ಕಳೆದ ಬೂಟು,
ಪಟ್ಟಿ ಕೊಳೆತ ಗಣಿಯ ಹೆಲ್ಮೆಟು ನಾಲ್ಕು,
ನೆತ್ತಿಗೆ ಮೊಳೆ ಹೊಡೆದು ತೂತು.
"ನೀರು ನಿಂತರ ಕಳ್ಳಿ ಸಾಯ್ತಾವ್ರಿ.
ಒಂದೀಟು ಬಾಯಾರಿಕಿ ಇರಬೇಕು ಅವಕ್ಕ."

ಹೆಸರು ಕೇಳಿದೆ.
"ಇದು ರಜಿಯಾಬಿ. ಇದು ನರ್ಸಮ್ಮ.
ಇದು ಕೋಲಾರದಿಂದ ಬಂದಿದ್ದ ಆರೋಗ್ಯಮ್ಮ."
ಗಿಡದ ಹೆಸರಮ್ಮಾ, ಎಂದರೆ
"ಅದನ್ನ ಹೇಳಾಕತ್ತೀನಲ್ರಿ."

ರಜಿಯಾಬಿ, ಕೆಂಪು ಕೋಲಿಯಸ್,
ಅಂಚಿಗೆ ಹಸಿರು ಜರಿ ಹೊಲಿದುಕೊಂಡದ್ದು.
ನರ್ಸಮ್ಮ, ನೆಟ್ಟಗೆ ನಿಂತ ಹಾವಿನ ಗಿಡ, ತುದಿ ಸೂಜಿ.
ಆರೋಗ್ಯಮ್ಮ ಕಿಟಕಿಯಿಂದ ಜೋತುಬಿದ್ದಿದ್ದಳು,
ಹಸಿರು ಮಣಿ ಮಣಿ, ಥೇಟ್ ಜಪಸರ.
ಮ್ಯಾನೇಜರ ಬಂಗಲೆಯೂ ಇತ್ತು,
ಮೈತುಂಬ ಮುಳ್ಳಿನ ಚೆಂಡುಗಳ್ಳಿ, ಸುತ್ತ ಏಳು ಮರಿ.
ಅವರು ಕೊಟ್ಟರೇ?
"ಅವರ್ಯಾಕ ಕೊಡ್ತಾರ? ಬೇಲಿ ಸಂದ್ಯಾಗ ಕೈ ಹಾಕಿ ಮುರಕೊಂಡೆ.
ಕೇಳಿ ತಂದದ್ದು ಬಾಡ್ತದ, ಕದ್ದು ತಂದದ್ದು ಚಿಗುರ್ತದ."

ನೋಡುತ್ತ ಹೋದರೆ ಇಡೀ ಕ್ಯಾಂಪೇ ಅಲ್ಲಿ.
ವರ್ಗವಾಗಿ ಹೋದವರು, ತೀರಿಕೊಂಡವರು,
ಎರಡು ಮನೆಯಾಚೆ ಮಾತು ಬಿಟ್ಟವಳು.
ಎಲ್ಲರಿಗೂ ಅದೇ ರಾಯಚೂರಿನ ಬಿಸಿಲು,
ತಲೆಗೊಂದು ಲೋಟ ನೀರು.

ಅವಳ ಗಂಡ ಯಂಕೋಬ ಮೊದಲ ಪಾಳಿಯವನು.
ಇಪ್ಪತ್ತೊಂಬತ್ತು ವರ್ಷ.
ಬೆಳಕು ಹರಿಯುವ ಮುಂಚೆ ಕೇಜಿನಲ್ಲಿ ಇಳಿದರೆ
ಮೇಲೆ ಬರುವಾಗ ಮಧ್ಯಾಹ್ನ ವಾಲಿರುತ್ತಿತ್ತು,
ಹತ್ತುಗಂಟೆ ಹೂಗಳು ಬಾಯಿ ಮುಚ್ಚಿರುತ್ತಿದ್ದವು.
ವಾರದ ರಜೆ?
ನಿದ್ದೆ.
ಅವನ ಪಾಲಿಗದು ಮೂಲೆಯ ಗೋಣಿಸೊಪ್ಪು;
ಒಮ್ಮೆ ಬೇಳೆಗೆ ಹಾಕೆಂದನಂತೆ.

ರಿಟೈರಾದ ಮರುದಿನ
ಚಹಾದ ಬಟ್ಟಲು ಹಿಡಿದು ಹೊರಗೆ ಕೂತ.
ಒಂದು ಬಿಚ್ಚಿತು, ಗುಲಾಬಿ.
ಪಕ್ಕದಲ್ಲೊಂದು ಹಳದಿ.
ಆಮೇಲೆ ಎಣಿಸಲಾಗಲಿಲ್ಲ.
ಚಹಾದ ಮೇಲೆ ಕೆನೆ ಕಟ್ಟಿತು.
"ಇವನ್ನ ಯಾವಾಗ ಹಚ್ಚಿದಿ?"
"ನಿಮ್ಮ ಮಗಳು ಹುಟ್ಟಿದ ವರ್ಷ."

ಇದನ್ನು ಹೇಳಿ ಆದಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.
ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದ ಯಂಕೋಬ ತಲೆ ಎತ್ತಲಿಲ್ಲ.
"ಟನ್ನು ಕಲ್ಲಿಗೆ ಚಿಟಿಕಿ ಬಂಗಾರ ತಗದೆ ನೋಡ್ರಿ ಕೆಳಗ," ಎಂದ.
ಮುಂದೆ ಹೇಳುತ್ತಾನೆಂದು ಕಾದೆ.
ಗಂಟು ಹಾಕಿದ.

ಟೆಂಪೊದಲ್ಲಿ ಜಾಗವಿಲ್ಲ.
ಸಿಂಧನೂರಿನ ಮಗಳ ಮನೆಗೆ ಅಂಗಳವಿಲ್ಲ.
ನನ್ನ ಪಟ್ಟಿಯಲ್ಲಿ ಗಿಡಕ್ಕೆ ಕಾಲಂ ಇಲ್ಲ.
'ಇತರೆ' ಎಂಬಲ್ಲಿ ಬರೆಯಲೇ ಅಂದುಕೊಂಡೆ.
ಬರೆದರೆ ಮುಂದಿನವರು ಎಣಿಸಿ ಒಪ್ಪಿಸಬೇಕು,
ಸತ್ತದ್ದಕ್ಕೆ ಸಂಬಳದಲ್ಲಿ ಕಡಿತ.
ಬಿಟ್ಟೆ.

ಸಂಜೆಗೆ ಓಣಿಯ ಹೆಂಗಸರು ಬಂದರು.
ತಮ್ಮ ಹೆಸರಿನದನ್ನು ಅಲ್ಲೇ ಬಿಟ್ಟು
ಒಬ್ಬರದನ್ನೊಬ್ಬರು ಎತ್ತಿಕೊಂಡು ಹೋದರು.
ಮಾತು ಬಿಟ್ಟವಳು ಕತ್ತಲಾದ ಮೇಲೆ ಬಂದಳು,
ಸೆರಗಿನಡಿ ಒಂದು ಹೆಲ್ಮೆಟು ಹೋಯಿತು.
ನಾನು ಬೀಗ ಹುಡುಕುವವನಂತೆ ನಿಂತಿದ್ದೆ.

ತಿಂಗಳಾಗಿರಬೇಕು, ಯಾವುದೋ ಲೆಕ್ಕಕ್ಕೆ ರಿಜಿಸ್ಟರು ತೆರೆದೆ.
ಅವರ ಪುಟದ ನಡುವೆ ಕಾಡುಬಸಳೆಯ ಎಲೆ.
ಯಾರಿಟ್ಟರೋ.
ಅಂಚಿನ ಕಚ್ಚು ಕಚ್ಚಿನಲ್ಲೂ ಸಾಸಿವೆಯಷ್ಟು ಗಿಡ,
ದಾರದಂಥ ಬಿಳಿ ಬೇರು
'ನಲ್ಲಿ ಮೂರು' ಎಂಬ ಸಾಲಿನ ಮೇಲೆ ತಡಕಾಡುತ್ತಿತ್ತು.

ಹಿಡಿಕೆ ಮುರಿದ ಕಪ್ಪೊಂದು ಮೇಜಿನ ಮೇಲಿತ್ತು.
ಹೊರಗೆ ಹೋಗಿ ಎರಡು ಹಿಡಿ ಮಣ್ಣು ತಂದೆ.
ಸ್ಟೋರಿನ ಮೌನೇಶ ಕೇಳಿದ, ಯಾರು ಕೊಟ್ಟರ್ರಿ?

ಕದ್ದದ್ದು, ಎಂದೆ.